ಒಪ್ಪುವ ಬಟ್ಟೆ

ಮಗುವಿಗೆ ಹಾಲುಣಿಸುವ ತಾಯಿ ಆಫೀಸಿಗೆ ಏನು ಹಾಕ್ಕೊಂಡು ಹೋಗಬೇಕು ಅನ್ನೋದು ನೀತಿಗೆ ಸಂಬಂಧಪಟ್ಟ ಪ್ರಶ್ನೆ ಅಂದ್ರೆ ಜನ ನಗ್ತಾರೆ. ಅದು ಶಾಪಿಂಗಿನ ಪ್ರಶ್ನೆ, ಹೆಚ್ಚಂದ್ರೆ ಟೇಲರ್ ಅಂಗಡಿಯ ಪ್ರಶ್ನೆ. ನೀತಿ ಅಂದ್ರೆ ಲಂಚ, ಸುಳ್ಳು, ಯುದ್ಧ, ಗಲ್ಲುಶಿಕ್ಷೆ ಇಂಥ ದೊಡ್ಡ ವಿಷಯಗಳು. ನಾವು ಬಿಇ ಓದುವಾಗ ಭಾರತದ ಸಂವಿಧಾನ ಮತ್ತು ಪ್ರೊಫೆಷನಲ್ ಎಥಿಕ್ಸ್ ಅಂತ ಒಂದು ಪೇಪರ್ ಇತ್ತು. ವಿಟಿಯು ಮಂದಿಗೆ ನೆನಪಿರುತ್ತೆ, ಹಿಂದಿನ ರಾತ್ರಿ ಓದಿ ಪಾಸಾಗುವ ಪೇಪರ್. ಅದರಲ್ಲಿ ಇಂಜಿನಿಯರ್ ಆದವನು ಯಾವುದಕ್ಕೆಲ್ಲ ಹೊಣೆ ಅಂತ ಪಾಠ ಇತ್ತು. ಕುರ್ತಿಯ ಜಿಪ್ ಎಲ್ಲಿರಬೇಕು ಅಂತ ಇರಲಿಲ್ಲ.

ಈ ವರ್ಷ ನಾನು ಎದುರಿಸಿದ ಎಲ್ಲಕ್ಕಿಂತ ಗಟ್ಟಿ ನೀತಿಪ್ರಶ್ನೆ ಮಾತ್ರ ಕಪಾಟಿನ ಒಳಗಿಂದಲೇ ಬಂತು. ಅದನ್ನ ಬಿಡಿಸಿ ಹೇಳ್ತೀನಿ. ಮದುವೆಯಾಗದ ಹುಡುಗರು ಇದು ನಮಗಲ್ಲ ಅಂತ ಪುಟ ತಿರುಗಿಸಬೇಡಿ, ನಿಮ್ಮ ಪಕ್ಕದ ಸೀಟಿನವಳ ವಿಷಯ ಇದು.

ಮೊದಲು ಲೆಕ್ಕ. ನಮ್ಮಲ್ಲಿ 2017ರ ತಿದ್ದುಪಡಿ ಆದಮೇಲೆ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೋಬಹುದು. ಹಾಗೆ ತಗೊಂಡವಳ ಕೈಯಲ್ಲಿ ಹೆರಿಗೆ ಆದಮೇಲೆ ಉಳಿಯೋದು 18 ವಾರ, ಅಂದ್ರೆ ನಾಲ್ಕು ತಿಂಗಳ ಕೂಸನ್ನ ಬಿಟ್ಟು ಅವಳು ಬ್ಯಾಡ್ಜ್ ಸ್ವೈಪ್ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಮೊದಲ 6 ತಿಂಗಳು ತಾಯಿಹಾಲು ಮಾತ್ರ, ಆಮೇಲೆ ಊಟದ ಜೊತೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಅಂತ. ರಜೆ ಮುಗಿಯುತ್ತೆ, ಹಾಲು ಮುಗಿಯಲ್ಲ. ಈ ಎರಡರ ನಡುವಿನ ಅಂತರದಲ್ಲಿ ನಾವು ಬಟ್ಟೆ ಹುಡುಕ್ತೀವಿ.

ಹಾಲು ತಯಾರಾಗೋದು ಬೇಡಿಕೆಯ ಮೇಲೆ. ಮಗು ಕುಡಿದಷ್ಟು, ಇಲ್ಲಾ ಪಂಪ್ ತೆಗೆದಷ್ಟು ಮತ್ತೆ ತುಂಬುತ್ತೆ. ತೆಗೆಯದೆ ಮೂರ್ನಾಲ್ಕು ಗಂಟೆ ಬಿಟ್ರೆ ಎದೆ ಕಲ್ಲಾಗುತ್ತೆ, ಇನ್ನೂ ಬಿಟ್ರೆ ಗಂಟು ಕಟ್ಟಿ ಜ್ವರ ಬರಬಹುದು. ಆಕ್ಸಿಟೋಸಿನ್ ಅನ್ನೋ ಹಾರ್ಮೋನಿಗೆ ಮೀಟಿಂಗ್ ನಡೀತಿದೆಯೋ ಇಲ್ಲವೋ ಗೊತ್ತಾಗಲ್ಲ. ಮಗುವಿನ ಅಳು ಕಿವಿಗೆ ಬಿದ್ದರೆ ಅದು ಹಾಲು ಇಳಿಸುತ್ತೆ. ಆ ಮಗು ನಿಮ್ಮದೇ ಆಗಿರಬೇಕು ಅಂತಿಲ್ಲ. ಹೈದರಾಬಾದಿನಿಂದ ಕಾಲ್‌ಗೆ ಬಂದವನ ಮನೆಯಲ್ಲಿ ಯಾವುದೋ ಕೂಸು ಅತ್ತರೆ ಬೆಂಗಳೂರಲ್ಲಿ ನನ್ನ ಕುರ್ತಿ ಒದ್ದೆ.

ಹಾಗಾಗಿ ಹಾಲುಣಿಸುವವಳಿಗೆ ಸೈಜ್ ಅನ್ನೋದು ಒಂದು ಸಂಖ್ಯೆಯಲ್ಲ. ಬೆಳಿಗ್ಗೆ ಎಂಟಕ್ಕೆ ಮಗು ಕುಡಿದು ಮುಗಿಸಿದಾಗ ಸರಿಯಾಗಿ ಕೂತ ಬಟ್ಟೆ ಹನ್ನೊಂದಕ್ಕೆ ಎದೆ ಹತ್ತಿರ ಬಿಗಿ, ಪಂಪ್ ಮಾಡಿ ಬಂದಾಗ ಮತ್ತೆ ಸಡಿಲ. ಅಂಗಡಿಯ ಕುರ್ತಿ ಅಂದ್ರೆ ಹಾರ್ಡ್‌ಕೋಡ್ ಮಾಡಿದ ಮೌಲ್ಯ. ಒಳಗಿರುವ ಮೈ ಮಾತ್ರ ಗಂಟೆಗೊಂದು ಸಲ ಬದಲಾಗುವ ವೇರಿಯಬಲ್.

ಇದಕ್ಕೆ ಪರಿಹಾರ ಹೇಳುವ ಬರಹಗಳಿಗೆ ಕೊರತೆ ಇಲ್ಲ. ಕಡು ಬಣ್ಣ ಹಾಕಿ. ಉದ್ದ ಗೆರೆ ಇರಲಿ, ಅಡ್ಡ ಗೆರೆ ಬೇಡ. ವಿ ಆಕಾರದ ಕುತ್ತಿಗೆ ಇರಲಿ. ಎದೆಯ ಕೆಳಗಿಂದ ಅಗಲವಾಗುತ್ತ ಹೋಗುವ ಕಟ್ ಹೊಟ್ಟೆಯನ್ನ ಮರೆಸುತ್ತೆ. ಸಣ್ಣ ಹೂವಿನ ಪ್ರಿಂಟ್ ಇದ್ರೆ ಹಾಲಿನ ಕಲೆ ಕಾಣಲ್ಲ. ತಿಳಿ ಬೂದು ಬಣ್ಣ, ರೇಷ್ಮೆ, ಸ್ಯಾಟಿನ್ ಹತ್ತಿರ ಸೇರಿಸಬೇಡಿ, ಒಂದು ಹನಿ ಬಿದ್ದರೂ ಊರಿಗೆಲ್ಲ ಗೊತ್ತಾಗುತ್ತೆ. ಮೇಲೊಂದು ಕೋಟಿ ಅಥವಾ ಸ್ಟೋಲ್ ಇರಲಿ. ಇವೆಲ್ಲ ನಿಜವಾಗಿ ಕೆಲಸ ಮಾಡುವ ಸಲಹೆಗಳು, ನಾನೂ ಪಾಲಿಸ್ತೀನಿ. ನನ್ನ ತಕರಾರು ಸಲಹೆಗಳ ಮೇಲಲ್ಲ, ಅವುಗಳ ತಲೆಬರಹದಲ್ಲಿರುವ ಒಂದು ಪದದ ಮೇಲೆ.

ಇಂಥ ಬಟ್ಟೆಗೆ ಇಂಗ್ಲಿಷಿನಲ್ಲಿ ಫ್ಲ್ಯಾಟರಿಂಗ್ ಅಂತಾರೆ. ಫ್ಲ್ಯಾಟರ್ ಮಾಡೋದು ಅಂದ್ರೆ ಮುಖಸ್ತುತಿ. ಮ್ಯಾನೇಜರನ ಜೋಕಿಗೆ ಜೂನಿಯರ್ ನಕ್ಕ ಹಾಗೆ ಕುರ್ತಿ ನನ್ನ ಹೊಟ್ಟೆಯನ್ನ ನೋಡಿ, ಇಲ್ಲವೇ ಇಲ್ಲ ಬಿಡಿ ಮೇಡಂ, ಅನ್ನಬೇಕು. ಕನ್ನಡದಲ್ಲಿ ನಾವು ಬಟ್ಟೆಗೆ ಆ ಕೆಲಸ ಕೊಟ್ಟಿಲ್ಲ. ಈ ಬಣ್ಣ ನಿನಗೆ ಒಪ್ಪುತ್ತೆ ಅಂತೀವಿ. ವಾದದಲ್ಲಿ ಸೋತಾಗ ಒಪ್ಪೋದು, ಮದುವೆಗೆ ಒಪ್ಪೋದು, ಸೀರೆ ಮೈಗೆ ಒಪ್ಪೋದು, ಎಲ್ಲಕ್ಕೂ ಒಂದೇ ಮಾತು. ಹೊಗಳುವ ಬಟ್ಟೆಗೆ ಮೈ ಹೇಗಿದೆ ಅಂತ ನಿಜ ಗೊತ್ತು, ಆದರೂ ಬೇರೆ ಹೇಳುತ್ತೆ. ಒಪ್ಪುವ ಬಟ್ಟೆ ಮೈ ಹೇಗಿದೆಯೋ ಅದಕ್ಕೆ ಹೂಂ ಅನ್ನುತ್ತೆ. ಇದು ಬರೀ ಪದಗಳ ಆಟ ಅನ್ನಿಸಬಹುದು. ನನಗೂ ಹಾಗೇ ಅನ್ನಿಸ್ತಿತ್ತು, ರಜೆ ಮುಗಿಸಿ ಬಂದ ಮೊದಲ ವಾರ ಆ ಒಂದು ಮೆಚ್ಚುಗೆ ಕೇಳುವ ತನಕ.

ಮೆಚ್ಚುಗೆ ಇದು: "ಮಗು ಆಗಿದೆ ಅಂತ ನೋಡಿದ್ರೆ ಗೊತ್ತೇ ಆಗಲ್ಲ!"

ಹೇಳಿದವರು ಪ್ರೀತಿಯಿಂದಲೇ ಹೇಳಿದ್ರು. ಬಾಣಂತನ ಮುಗಿಸಿ ಬಂದ ಯಾವ ಹೆಂಗಸಿಗೂ ನಮ್ಮ ನಗರಗಳಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೆ ಒಂದು ಕ್ಷಣ ನಿಂತು ನೋಡಿ, ಇದರಲ್ಲಿ ಹೊಗಳಿದ್ದು ಏನನ್ನ? ನಾನು ಮಾಡಿದ ಯಾವುದನ್ನೂ ಅಲ್ಲ. ನಾನು ಮಾಡಿದ್ದರ ಗುರುತು ಉಳಿಸಿಲ್ಲ ಅನ್ನೋದನ್ನ. ಒಂಬತ್ತು ತಿಂಗಳು ಹೊತ್ತು, ಹೆತ್ತು, ರಾತ್ರಿ ಮೂರು ಸಲ ಎದ್ದು, ಇನ್ನೂ ದಿನಕ್ಕೆ ಆರು ಸಲ ಹಾಲು ಕೊಡ್ತಿರುವ ಮೈಗೆ ಸಿಕ್ಕ ಸರ್ಟಿಫಿಕೇಟ್ ಏನಂದ್ರೆ ಇಲ್ಲಿ ಏನೂ ನಡೆದಿಲ್ಲ ಅಂತ.

ಇದೇ ಬಟ್ಟೆ ಹಾಕ್ಕೊಂಡು ನೆಂಟರ ಮನೆ ನಾಮಕರಣಕ್ಕೆ ಹೋದಾಗ ಬಂದ ಮಾತು ಬೇರೆ. "ಕೂಸಿನ ತಾಯಿ ಆದ ಮ್ಯಾಲೂ ಇಷ್ಟ ಡ್ರೆಸ್ಸಿನ ಹುಚ್ಚ್ಯಾಕವಾ?" ಅಂದ್ರು ದೊಡ್ಡವರೊಬ್ಬರು. ಅವರ ಲೆಕ್ಕದಲ್ಲಿ ತಾಯಿ ಅಂದ್ರೆ ಸುಕ್ಕಾದ ನೈಟಿ, ತಲೆಗೆ ಸ್ಕಾರ್ಫ್, ಕಿವಿಯಲ್ಲಿ ಹತ್ತಿ, ಅಂಟಿನುಂಡಿ ವಾಸನೆ. ಚೆಂದ ಕಾಣಬೇಕು ಅಂತ ಆಸೆ ಪಟ್ಟರೆ ಆ ಆಸೆಯನ್ನ ಮಗುವಿನ ಪಾಲಿನಿಂದ ಕದ್ದ ಹಾಗೆ. ಆಫೀಸಿಗೆ ನನ್ನೊಳಗಿನ ತಾಯಿ ಕಾಣಬಾರದು, ನೆಂಟರಿಗೆ ತಾಯಿಯೊಳಗಿನ ನಾನು ಕಾಣಬಾರದು. ನಾಮಕರಣದ ಊಟ ಚೆನ್ನಾಗಿತ್ತು, ಅದನ್ನೂ ಹೇಳಿಬಿಡ್ತೀನಿ.

ಚೆಂದ ಕಾಣುವ ಆಸೆ ಒಣಜಂಭವಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ: ಅಲ್ಲ. ಹೆರಿಗೆಯ ಆಚೀಚೆ ಒಂದು ವರ್ಷ ಹೆಂಗಸಿನ ಮೈ ಅವಳದಲ್ಲ. ಡಾಕ್ಟರು ಅಳೀತಾರೆ, ನರ್ಸು ತಿರುಗಿಸ್ತಾಳೆ, ಎಣ್ಣೆ ಹಚ್ಚುವಾಕೆ ತಿಕ್ಕುತ್ತಾಳೆ, ನೋಡೋಕೆ ಬಂದವರೆಲ್ಲ ಹಾಲು ಸಾಕಾಗ್ತದಾ ಅಂತ ಎದೆ ನೋಡಿ ಕೇಳ್ತಾರೆ, ಕೂಸಂತೂ ತನ್ನದೇ ಆಸ್ತಿ ಅಂದುಕೊಂಡಿದೆ, ಅದರ ಮಟ್ಟಿಗೆ ಅದು ಸರಿಯೇ. ಅಂಥ ವರ್ಷದ ಕೊನೆಯಲ್ಲಿ ಭುಜಕ್ಕೆ ಸರಿಯಾಗಿ ಕೂತ ಒಂದು ನೀಲಿ ಕುರ್ತಿ ಹಾಕಿ ಕನ್ನಡಿ ಮುಂದೆ ನಿಂತಾಗ ಆಗುವ ಸಂತೋಷಕ್ಕೆ ಜಂಭ ಅಂತ ಹೆಸರಿಡೋದು ಅನ್ಯಾಯ. ತನ್ನ ಮನೆಗೆ ತಾನೇ ಬೀಗ ತೆಗೆದು ಒಳಗೆ ಹೋದ ಹಾಗಿರುತ್ತೆ ಅದು.

ಹಾಗಂತ, ನಾನು ಬಟ್ಟೆ ಹಾಕೋದು ನನಗೋಸ್ಕರ ಮಾತ್ರ ಅನ್ನೋ ಘೋಷಣೆಯನ್ನೂ ನಾನು ನಂಬಲ್ಲ. ನನಗೋಸ್ಕರ ಮಾತ್ರ ಆಗಿದ್ರೆ ಕಾಟನ್ ನೈಟಿಯಲ್ಲೇ ಡಿಪ್ಲಾಯ್‌ಮೆಂಟ್ ಮಾಡ್ತಿದ್ದೆ. ಕನ್ನಡದ ಕಾಣು ಅನ್ನೋ ಕ್ರಿಯಾಪದಕ್ಕೆ ಎರಡು ಮುಖ ಇವೆ. ನಾನು ಕಾಣ್ತೀನಿ ಅಂದ್ರೆ ನಾನು ನೋಡೋದೂ ಹೌದು, ನಾನು ಇನ್ನೊಬ್ಬರ ಕಣ್ಣಿಗೆ ಬೀಳೋದೂ ಹೌದು. ಮೀಟಿಂಗ್ ರೂಮಿನಲ್ಲಿ ಹತ್ತು ಜೊತೆ ಕಣ್ಣು ಮೊದಲು ನನ್ನನ್ನ ನೋಡಿ ಆಮೇಲೆ ನನ್ನ ಮಾತು ಕೇಳ್ತಾವೆ. ಹಳ್ಳಿಯಿಂದ ಬಂದವಳಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಮೊದಲ ಕೆಲಸಕ್ಕೆ ಸೇರಿದಾಗ ನನ್ನ ಇಂಗ್ಲಿಷಿಗಿಂತ ಮುಂಚೆ ನನ್ನ ಚಪ್ಪಲಿ ಇಂಟರ್‌ವ್ಯೂ ಕೊಟ್ಟಿತ್ತು. ಅಕ್ಕಮಹಾದೇವಿ ಬಟ್ಟೆಯನ್ನೇ ಬಿಟ್ಟು ನಡೆದಳು. ಆ ಧೈರ್ಯಕ್ಕೆ ಕೈ ಮುಗೀತೀನಿ, ಆದರೆ ನನಗೆ ಸೋಮವಾರ ಒಂಬತ್ತೂವರೆಗೆ ಸ್ಟ್ಯಾಂಡಪ್ ಇದೆ. ನೋಟದ ಹಂಗು ಪೂರ್ತಿ ಬಿಡೋಕಾಗದವರು ಅದರ ಜೊತೆ ಹೇಗೆ ಬಾಳಬೇಕು ಅನ್ನೋದೇ ನಮ್ಮ ಪ್ರಶ್ನೆ.

ನೋಟ ಅಂದ್ರೆ ನೆನಪಾಗೋದು, 2018ರಲ್ಲಿ ಮಲಯಾಳದ ಗೃಹಲಕ್ಷ್ಮಿ ಪತ್ರಿಕೆ ಹಾಲೂಡಿಸುವ ಹೆಂಗಸಿನ ಮುಖಪುಟ ಹಾಕಿತ್ತು. ಮುಚ್ಚಿಕೊಳ್ಳದೆ ಹಾಲು ಕೊಡುವ ಹಕ್ಕಿನ ಪರವಾಗಿ. ಗಲಾಟೆ ಆಯ್ತು, ಅಶ್ಲೀಲ ಅಂತ ಕೇರಳ ಹೈಕೋರ್ಟಿಗೆ ಹೋದ್ರು, ಕೋರ್ಟು ಅರ್ಜಿ ವಜಾ ಮಾಡ್ತು. ಇನ್ನೊಂದು ಗುಂಪು ಬೇರೆಯೇ ಆಕ್ಷೇಪ ಎತ್ತಿತು: ಚಿತ್ರದಲ್ಲಿದ್ದ ಮಾಡೆಲ್ ತಾಯಿಯೇ ಅಲ್ಲವಲ್ಲ ಅಂತ. ನನಗೆ ಈ ಎರಡನೇ ಆಕ್ಷೇಪ ಹೆಚ್ಚು ಕಾಡಿತು. ನಿಜವಾಗಿ ಹಾಲು ಕುಡಿಸುವವರು ಹಾಗೆ ಕ್ಯಾಮೆರಾ ನೋಡುತ್ತ ಕೂರಲ್ಲ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ತಣ್ಣಗಾದ ಚಹಾ, ಕಣ್ಣು ಗಡಿಯಾರದ ಮೇಲೆ. ಅಂದಹಾಗೆ, ಲಿನ್ನೇಯಸ್ 1758ರಲ್ಲಿ ಮನುಷ್ಯ, ಹಸು, ತಿಮಿಂಗಿಲ ಎಲ್ಲವನ್ನೂ ಸೇರಿಸಿ ಒಂದು ವರ್ಗ ಮಾಡಿದಾಗ ಅದಕ್ಕೆ ಹೆಸರು ಹುಡುಕಿದ್ದು ಇದೇ ಅಂಗದಿಂದ. ಸಸ್ತನಿ ಅಂತ ಏಳನೇ ಕ್ಲಾಸಿನಲ್ಲಿ ಎಲ್ಲರೂ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಇಡೀ ಆಫೀಸು ಸಸ್ತನಿಗಳದ್ದೇ, ಆದರೆ ಆ ವಿಷಯ ಲಿಫ್ಟಿನಲ್ಲಿ ಮಾತಾಡೋ ಹಾಗಿಲ್ಲ.

ನಮ್ಮ ಕಡೆ, ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ, ಬಸುರಿಗೆ ಮಾಡುವ ಶಾಸ್ತ್ರದ ಹೆಸರೇ ಕುಬಸ. ದಕ್ಷಿಣದವರು ಸೀಮಂತ ಅಂತಾರಲ್ಲ, ಅದು. ಕುಬಸ ಅಂದ್ರೆ ಕುಪ್ಪಸ, ರವಿಕೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ ಬಟ್ಟೆ ತಂದು ಉಡಿ ತುಂಬ್ತಾರೆ. ತಾಯಿಯಾಗುವವಳ ಹಬ್ಬಕ್ಕೆ ಒಂದು ಉಡುಪಿನ ಹೆಸರಿಟ್ಟ ಜನ ನಾವು. ನನಗೆ ಬಂದಿದ್ದು ಗುಳೇದಗುಡ್ಡದ ಖಣ, ಹಸಿರು ನೆಲ, ಕೆಂಪು ಅಂಚು.

ಖಣದಿಂದ ಹೊಲಿಯುವ ಹಳೆಯ ಕುಬಸ ನೋಡಿದ್ದೀರಾ? ಮುಂದುಗಡೆ ತೆರೆದಿರುತ್ತೆ. ಗುಂಡಿ ಇಲ್ಲ, ಕೊಂಡಿ ಇಲ್ಲ. ಎದೆಯ ಕೆಳಗೆ ಎರಡು ತುದಿ ಸೇರಿಸಿ ಗಂಟು ಹಾಕೋದು, ಅಷ್ಟೇ. ಮೈ ತುಂಬಿದಾಗ ಗಂಟು ಸಡಿಲ, ಇಳಿದಾಗ ಬಿಗಿ. ಒಂದೇ ಕೈಯಲ್ಲಿ ಬಿಚ್ಚಬಹುದು, ಇನ್ನೊಂದರಲ್ಲಿ ಕೂಸಿರುತ್ತೆ. ಮೇಲೆ ಇಳಕಲ್ ಸೀರೆಯ ಸೆರಗು. ನರ್ಸಿಂಗ್ ವೇರ್ ಅಂತ ಇವತ್ತು ಸಾವಿರಾರು ರೂಪಾಯಿಗೆ ಮಾರುವ ಬಟ್ಟೆ ಮಾಡಬೇಕಾದ್ದನ್ನೆಲ್ಲ ನಮ್ಮ ಅಜ್ಜಿಯ ಕುಬಸ ಒಂದು ಗಂಟಿನಲ್ಲಿ ಮಾಡ್ತಿತ್ತು. ಊರ ಟೇಲರು ರವಿಕೆ ಹೊಲಿದರೂ ಒಳಗೆ ಎರಡೂ ಪಕ್ಕ ಬಟ್ಟೆ ಬಿಟ್ಟು ಹೊಲೀತಿದ್ದರು, ನಾಳೆ ಬಿಚ್ಚಿ ಅಗಲ ಮಾಡೋಕೆ. ಹೆಂಗಸಿನ ಮೈ ಬದಲಾಗುತ್ತೆ ಅಂತ ಮೊದಲೇ ಗೊತ್ತಿದ್ದವರ ಹೊಲಿಗೆ ಅದು. ರೆಡಿಮೇಡ್ ಕುರ್ತಿಯ ಒಳಗೆ ತಿರುಗಿಸಿ ನೋಡಿ, ಬಿಚ್ಚಿ ಅಗಲ ಮಾಡುವಷ್ಟು ಬಟ್ಟೆ ಉಳಿಸಿರಲ್ಲ.

ಈಗ ಬುಟೀಕ್‌ಗಳಲ್ಲಿ ಖಣಕ್ಕೆ ಒಳ್ಳೆಯ ದಿನ ಬಂದಿದೆ. ಖಣದ ಬ್ಲೌಸ್ ಹೊಲಿಸ್ತಾರೆ, ಆದರೆ ತೆರೆಯೋದು ಹಿಂದುಗಡೆ, ಬೆನ್ನ ಮೇಲೆ ಡೋರಿ, ತುದಿಗೆ ಗೊಂಡೆ. ಮುಂದಿದ್ದ ಗಂಟು ಬೆನ್ನಿಗೆ ಹೋಗಿದೆ. ಕಟ್ಟೋಕೆ ಇನ್ನೊಬ್ಬರು ಬೇಕು, ಮಗು ಅತ್ತರೆ ದೇವರೇ ಗತಿ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಹಳ್ಳಿಯಲ್ಲಿ ಎಲ್ಲ ಸರಿಯಿತ್ತು ಅಂತ ಆಗಿಬಿಡುತ್ತೆ. ಅದು ನಿಜವಲ್ಲ. ಅವ್ವನನ್ನ ಕೇಳಿದೆ, ನಾನು ಕೂಸಿದ್ದಾಗ ಹೊಲದಲ್ಲಿ ಹೇಗೆ ಮಾಡ್ತಿದ್ದೆ ಅಂತ. "ನಮ್ಮ ಹೊಲದಾಗ ಬದುವಿನ ಮ್ಯಾಲ ಕುಂತ ಕುಡಸ್ತಿದ್ದೆ. ಯಾರ ನೋಡ್ತಾರಂತ ನೋಡಾಕ ಯಾರಿಗಿ ಪುರಸೊತ್ತಿತ್ತು?" ಅಂದಳು. ಮಂದಿ ಹೊಲಕ್ಕೆ ಕಳೆ ತೆಗೆಯೋಕೆ ಕೂಲಿಗೆ ಹೋದಾಗ? ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆವಾಗ ನಿನ್ನ ಮನ್ಯಾಗ ಬಿಟ್ಟ ಹೋಗ್ತಿದ್ದೆ. ಕುಡಸಾಕ ಎದ್ರ ಕೂಲಿ ಮುರೀತಿದ್ರು. ಎದಿ ಬಿಗದ ಬಂದಾಗ ಬದುವಿನ ಆಚೆ ಹೋಗಿ ಹಿಂಡಿ ಮಣ್ಣಿಗಿ ಚೆಲ್ಲಿ ಬರ್ತಿದ್ದೆ."

ಕುಬಸದ ಗಂಟು ಮುಂದೆಯೇ ಇತ್ತು. ಬಟ್ಟೆ ಒಪ್ಪಿತ್ತು, ಹೊಲದವರು ಒಪ್ಪಲಿಲ್ಲ. ಬಟ್ಟೆಯ ಸಮಸ್ಯೆ ಅಂತ ನಾವು ಕರೆಯೋದರಲ್ಲಿ ಎಷ್ಟು ಪಾಲು ಬಟ್ಟೆಯದು, ಎಷ್ಟು ಪಾಲು ಸಮಯದ್ದು ಅಂತ ನನಗೆ ಅವತ್ತು ಸ್ಪಷ್ಟ ಆಯ್ತು. ಸರಿಯಾದ ಹೊತ್ತಿಗೆ ಎದ್ದು ಹೋಗಿ ಹಾಲು ತೆಗೆಯೋಕೆ ಬಿಟ್ಟರೆ ಅರ್ಧ ಕುರ್ತಿಗಳು ತಾವಾಗಿಯೇ ಸರಿಹೋಗ್ತಾವೆ. ಸೋರೋದು, ಬಿಗಿಯಾಗೋದು, ಕಲೆ, ಇವೆಲ್ಲ ಬಹುಪಾಲು ತಡವಾಗಿದ್ದರ ಗುರುತುಗಳು.

ಕಾನೂನಿಗೆ ಇದು ಹಿಂದೆಯೇ ಗೊತ್ತಿತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ, ಮಗುವಿಗೆ 15 ತಿಂಗಳು ಆಗೋವರೆಗೆ ದಿನಕ್ಕೆ ಎರಡು ಹೆಚ್ಚುವರಿ ಬಿಡುವು ಕೊಡಬೇಕು ಅಂತ ಬರೆದಿತ್ತು. 2017ರಲ್ಲಿ, 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಗು ನೋಡಿಕೊಳ್ಳುವ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು ಅಂತ ಸೇರಿಸಿದ್ರು. ನಾನು ನೋಡಿದ ಒಂದು ಆಫೀಸಿನಲ್ಲಿ ಮದರ್ಸ್ ರೂಮ್ ಅಂತ ಬೋರ್ಡ್ ಇತ್ತು, ಒಳಗೆ ಒಬ್ಬರು ಹೋಮ್ ಲೋನಿನ ಬಗ್ಗೆ ಬ್ಯಾಂಕಿನವರ ಜೊತೆ ಜಗಳ ಆಡ್ತಿದ್ದರು. ಗಂಡಸು ಅಂತ ಬೇರೆ ಹೇಳಬೇಕಿಲ್ಲ.

ಔಟರ್ ರಿಂಗ್ ರೋಡಿನಲ್ಲಿ ಕ್ಯಾಬ್ ನಿಂತಾಗಲೆಲ್ಲ ಪಕ್ಕದ ಕಟ್ಟಡದ ಕೆಲಸ ಕಾಣುತ್ತೆ. ಕಲ್ಲು, ಸಿಮೆಂಟು ಹೊರುವ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿರ್ತಾರೆ. ಬಿಸಿಲಿಗೆ, ಧೂಳಿಗೆ ಅಂತ ನಾನು ಅಂದುಕೊಂಡಿದ್ದೆ. ಒಂದಿನ ಮರಳಿನ ರಾಶಿಯ ನೆರಳಲ್ಲಿ ಕೂತು ಒಬ್ಬಳು ಆ ಅಂಗಿಯ ಗುಂಡಿ ಬಿಚ್ಚಿ ಕೂಸಿಗೆ ಹಾಲು ಕೊಡ್ತಿದ್ದಳು. ಮುಂದೆ ಗುಂಡಿ, ಸಡಿಲ ಮೈ, ಗಟ್ಟಿ ಕಾಟನ್, ಕಲೆಯ ಚಿಂತೆ ಇಲ್ಲ. ಇಡೀ ರಿಂಗ್ ರೋಡಿನಲ್ಲಿ ನಾನು ನೋಡಿದ ಅತ್ಯುತ್ತಮ ನರ್ಸಿಂಗ್ ವೇರ್ ಅದು. ಅಂಥವಳಿಗೂ ಕ್ರೆಶ್ ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು, ಐವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡ್ತಿದ್ರೆ. ನಾನು ಗಾಜಿನ ಒಳಗಿಂದ ನೋಡಿದೆ, ಸಿಗ್ನಲ್ ಬಿಟ್ಟಿತು, ಕ್ಯಾಬ್ ಹೋಯ್ತು.

ಈಗ ಕಪಾಟಿನೊಳಗಿಂದ ಬಂತು ಅಂದ ಆ ಪ್ರಶ್ನೆ. ಹಾಲುಣಿಸುವ ಮೈಯನ್ನ ಬಟ್ಟೆಯಿಂದ ಮರೆಮಾಡಿ ಮೊದಲಿನ ಹಾಗೆಯೇ ಕಾಣಿಸಿಕೊಳ್ಳೋದು ಸುಳ್ಳಾ?

ಮುಚ್ಚೋದೆಲ್ಲ ಸುಳ್ಳಲ್ಲ. ಶೀತ ಆದಾಗ ಕರ್ಚೀಫ್ ಇಟ್ಟುಕೊಳ್ತೀವಿ, ಅದು ಸುಳ್ಳಲ್ಲ. ಕುರ್ತಿಯ ಒಳಗಿನ ಪ್ಯಾಡ್ ಕೂಡ ಹಾಗೇ. ನನ್ನ ಮೈಯಲ್ಲಿ ಏನು ನಡೀತಿದೆ ಅನ್ನೋದನ್ನ ಅಕೌಂಟ್ಸ್ ಡಿಪಾರ್ಟ್‌ಮೆಂಟಿಗೆ ತಿಳಿಸುವ ಕರ್ತವ್ಯ ನನಗಿಲ್ಲ. ಅವ್ವನ ದಾರಿ ಇನ್ನೂ ಸರಳ. ಕುರ್ತಿ ಒದ್ದೆಯಾದ ಕಥೆ ಹೇಳಿದಾಗ "ಸೋರಿದ್ರ ಸೋರ್ಲಿ ಬಿಡ. ಕಳುವಿನ ಮಾಲೇನ ಮುಚ್ಚಿಡಾಕ?" ಅಂದಳು. ಅವಳ ಮಾತಿನ ಖಡಕ್ಕು ನನಗೆ ಇಷ್ಟ, ಆದರೆ ಅವಳು ಎಂದೂ ಪ್ರೊಜೆಕ್ಟರ್ ಬೆಳಕಿನ ಮುಂದೆ ನಿಂತು ಕ್ವಾರ್ಟರ್ ರಿವ್ಯೂ ಕೊಟ್ಟಿಲ್ಲ.

ಸುಳ್ಳು ಶುರುವಾಗೋದು ಎಲ್ಲಿ ಅಂತ ನನಗೆ ತೋರಿಸಿದ್ದು ಒಂದು ಪ್ಲಾನಿಂಗ್ ಮೀಟಿಂಗ್. ಬೇರೆ ಟೀಮಿನ ಹುಡುಗಿಯೊಬ್ಬಳು ಹೆರಿಗೆ ರಜೆ ಮುಗಿಸಿ ಬರೋಳಿದ್ದಳು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡ್ತೀನಿ ಅಂತ ಕೇಳಿದ್ದಳು. ಅದರ ಮಾತು ಬಂದಾಗ ಅಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆ ಕೈ ತೋರಿಸಿ ಹೇಳಿದ್ರು: "ಇವರನ್ನ ನೋಡಿ. ಮೊದಲ ದಿನದಿಂದ ಮುಂಚಿನ ಹಾಗೇ ಇದ್ದಾರೆ. ಏನೂ ತೊಂದರೆ ಆಗಲಿಲ್ಲ. ಮನಸ್ಸು ಮಾಡಿದ್ರೆ ಆಗುತ್ತೆ." ಮೀಟಿಂಗ್ ಶುರುವಾಗಿ ಎರಡೂವರೆ ಗಂಟೆ ಆಗಿತ್ತು. ನನ್ನ ಕಡು ನೀಲಿ, ಸಣ್ಣ ಹೂವಿನ, ಎದೆ ಕೆಳಗಿಂದ ಅಗಲವಾಗುವ ಕುರ್ತಿಯ ಒಳಗೆ ಎರಡೂ ಪ್ಯಾಡ್ ನೆನೆದಿದ್ದವು. ಬಟ್ಟೆ ತನ್ನ ಕೆಲಸ ಎಷ್ಟು ಚೆನ್ನಾಗಿ ಮಾಡಿತ್ತು ಅಂದ್ರೆ ನಾನು ಇನ್ನೊಬ್ಬಳ ವಿರುದ್ಧ ಸಾಕ್ಷಿಯಾಗಿ ನಿಂತಿದ್ದೆ.

ಅಲ್ಲಿವರೆಗೆ ಹೇಗೆ ಕಾಣ್ತೀನಿ ಅನ್ನೋದು ನನ್ನ ಸ್ವಂತ ವಿಷಯ. ಆ ಗಳಿಗೆಯಿಂದ ಅಲ್ಲ. ನಾನು ಚೆನ್ನಾಗಿ ಕಾಣೋದಕ್ಕೆ ಬೆಲೆ ತೆರಬೇಕಾದವಳು ಈಗ ನಾನಲ್ಲ, ಅವಳು. "ತೊಂದರೆ ಇದೆ ಸರ್," ಅಂದೆ. "ಈಗಲೇ ಎದ್ದು ಹೋಗಿ ಹಾಲು ತೆಗೀಬೇಕು, ಇಲ್ಲದಿದ್ರೆ ಸಂಜೆಗೆ ಜ್ವರ ಬರುತ್ತೆ. 20 ನಿಮಿಷದಲ್ಲಿ ಬರ್ತೀನಿ." ಕನ್ನಡದಲ್ಲೇ ಅಂದೆ, ಇಂಗ್ಲಿಷಿನಲ್ಲಿ ಆ ವಾಕ್ಯ ನನ್ನ ಬಾಯಿಗೆ ಬರ್ತಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಒಬ್ಬ ನೀರಿನ ಬಾಟಲಿ ನೋಡ್ತಾ ಕೂತ. ನಾನು ವಾಪಸ್ ಬಂದಾಗ ಅವಳ ಮೂರು ದಿನದ ಮಾತನ್ನ ಮತ್ತೆ ತೆಗೆದಿದ್ದರು. ಕೊನೆಗೆ ಎರಡು ದಿನ ಕೊಟ್ಟರು.

ಆಮೇಲಿಂದ ಕ್ಯಾಲೆಂಡರಿನಲ್ಲಿ ಹನ್ನೊಂದಕ್ಕೆ ಮತ್ತು ಎರಡೂವರೆಗೆ ಬ್ಯುಸಿ ಅಂತ ಬರೆಯೋದು ಬಿಟ್ಟು ಪಂಪಿಂಗ್ ಅಂತ ಬರೆದೆ. ಟೀಮಿನ ಒಬ್ಬ ಹುಡುಗ, ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಬೋರ್‌ವೆಲ್ ಕೈಕೊಟ್ಟಿದೆಯಾ ಅಕ್ಕ ಅಂತ ಕೇಳಿದ. ಹೇಳಿದೆ. ಕಿವಿ ಕೆಂಪಾಯ್ತು, ಆದರೆ ಮುಂದಿನ ವಾರದಿಂದ ಆ ಹೊತ್ತಿಗೆ ಅವನು ಮೀಟಿಂಗ್ ಹಾಕಿಲ್ಲ.

ಇದನ್ನ ಎಲ್ಲರೂ ಮಾಡಬೇಕು ಅಂತ ನಾನು ಹೇಳಲ್ಲ, ಹೇಳಬಾರದು ಕೂಡ. ನನ್ನ ಗೆಳತಿಯೊಬ್ಬಳಿಗೆ ಹಾಲು ಬರಲೇ ಇಲ್ಲ. ತಿಂಗಳುಗಟ್ಟಲೆ ಅಳವಿ, ಮೆಂತ್ಯ, ಬೆಳ್ಳುಳ್ಳಿ, ಎಲ್ಲರ ಉಪದೇಶ. ಅವಳಿಗೆ ನನ್ನ ಕ್ಯಾಲೆಂಡರಿನ ಆ ಒಂದು ಪದ ದಿನಾ ಚುಚ್ಚಬಹುದು. ಪ್ರೊಬೇಷನ್‌ನಲ್ಲಿರುವ ಹುಡುಗಿಗೆ ಅದು ಕೆಲಸಕ್ಕೇ ಕುತ್ತು ತರಬಹುದು. ಹೌಸ್‌ಕೀಪಿಂಗ್‌ನಲ್ಲಿ ಕಂಟ್ರ್ಯಾಕ್ಟ್ ಮೇಲೆ ದುಡಿಯುವವಳಿಗೆ ಕ್ಯಾಲೆಂಡರೇ ಇಲ್ಲ. ನನಗೆ ಹತ್ತು ವರ್ಷದ ಅನುಭವ ಇದೆ, ನಾನು ಬರೆದ ಕೋಡ್ ಇನ್ನೊಬ್ಬರಿಗೆ ಬೇಗ ಅರ್ಥ ಆಗಲ್ಲ, ಹಾಗಾಗಿ ನನ್ನನ್ನ ತೆಗೆಯೋದು ಕಷ್ಟ. ಸತ್ಯ ಹೇಳೋಕೆ ನನಗೆ ಆಗುವ ಖರ್ಚು ಅವರಿಗಿಂತ ಕಡಿಮೆ. ಖರ್ಚು ಕಡಿಮೆ ಇರುವವರು ಮೊದಲು ಹೇಳಿದರೆ ಉಳಿದವರು ಸುಮ್ಮನಿದ್ದರೂ ನಡೆಯುತ್ತೆ. ಪ್ರೊಫೆಷನಲ್ ಎಥಿಕ್ಸ್ ಪೇಪರಿನಲ್ಲಿ ಇದನ್ನ ಕೇಳಿದ್ದರೆ ನಾಲ್ಕು ಮಾರ್ಕ್ಸಾದರೂ ಬರ್ತಿತ್ತು.

ಚೆಂದ ಕಾಣೋದನ್ನ ಮಾತ್ರ ನಾನು ಬಿಟ್ಟಿಲ್ಲ. ಅದು ಬೇರೆ, ಇದು ಬೇರೆ. ನೀಲಿ ಕುರ್ತಿ ಈಗಲೂ ವಾರಕ್ಕೊಂದು ಸಲ ಹೊರಗೆ ಬರುತ್ತೆ. ಬಟ್ಟೆ ಆರಿಸುವಾಗ ಕೇಳಿಕೊಳ್ಳುವ ಪ್ರಶ್ನೆ ಅಷ್ಟೇ ಬದಲಾಗಿದೆ. ಮೊದಲು ಎಂಟು ಗಂಟೆಯ ಕನ್ನಡಿಯಲ್ಲಿ ಹೇಗಿದೆ ಅಂತ ನೋಡ್ತಿದ್ದೆ. ಈಗ ಹನ್ನೊಂದು ಗಂಟೆಯ ಮೈಗೆ ಆಗುತ್ತಾ, ಪೂರ್ತಿ ಬಿಚ್ಚದೆ ಪಂಪ್ ಹಿಡಿಸುತ್ತಾ, ಆಮೇಲೆ ಎರಡು ನಿಮಿಷದಲ್ಲಿ ಸರಿಮಾಡಿಕೊಂಡು ತಲೆಯೆತ್ತಿ ನಡೆದು ಬರೋಕಾಗುತ್ತಾ ಅಂತ ನೋಡ್ತೀನಿ. ಈ ಪರೀಕ್ಷೆಯಲ್ಲಿ ಬೆನ್ನಿಗೆ ಜಿಪ್ ಇರೋದೆಲ್ಲ ಫೇಲ್. ಅನಾರ್ಕಲಿ ಫೇಲ್, ಕತ್ತಿನವರೆಗೆ ಎತ್ತಿ ಕೂರಬೇಕು. ಮುಂದೆ ಗುಂಡಿ ಇರುವ ನೇರ ಕುರ್ತಿ, ಮೇಲೊಂದು ಕೋಟಿ ಪಾಸ್. ಹೊಟ್ಟೆ ಬಿಗಿಯುವ ಶೇಪ್‌ವೇರ್ ಒಂದಿನ ಹಾಕಿದೆ, ಉಸಿರಾಡೋಕೆ ಪರ್ಮಿಷನ್ ಕೇಳಬೇಕಾಯ್ತು, ಯಾರಿಗಾದರೂ ಬೇಕಿದ್ರೆ ಕೊಡ್ತೀನಿ. ಎಲ್ಲಕ್ಕಿಂತ ಮೇಲೆ ಬಂದಿದ್ದು ಸೀರೆ, ಮುಂದೆ ಹುಕ್ಕಿನ ರವಿಕೆ ಜೊತೆ. ಆಫೀಸಿನವರು ಎಥ್ನಿಕ್ ಡೇ ಅಂತ ವರ್ಷಕ್ಕೊಂದು ದಿನ ಉಡಿಸುವ ಬಟ್ಟೆ. ಸೆರಗು ಒಂದಿದ್ದರೆ ಕರ್ಟನ್, ಸ್ಟೋಲ್, ನರ್ಸಿಂಗ್ ಕವರ್ ಎಲ್ಲ ಆಯ್ತು, ಹೊಟ್ಟೆ ಇದ್ದ ಹಾಗೇ ಇರಬಹುದು, ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಕ್ಲೈಂಟ್ ಬಂದ ದಿನ ಇಳಕಲ್ ಉಟ್ಟು ಹೋದೆ. ಇವತ್ತೇನು ವಿಶೇಷ ಅಂತ ಎಂಟು ಜನ ಕೇಳಿದ್ರು.

ಕುಬಸದ ದಿನ ಬಂದ ಆ ಹಸಿರು ಖಣ ಇನ್ನೂ ಹಾಗೇ ಮಡಿಚಿಟ್ಟಿತ್ತು. ಇಲ್ಲಿ ನಮ್ಮ ಲೇಔಟಿನ ಟೇಲರಿಗೆ ತೋರಿಸಿ, ಮುಂದೆ ಗಂಟು ಬರೋ ಹಾಗೆ ಹೊಲಿದುಕೊಡಿ ಅಂದೆ. ಅವರು ಬಟ್ಟೆ ಸವರಿ ನೋಡಿ, "ಹಿಂದೆ ಡೋರಿ ಇಡ್ಲಾ ಮೇಡಂ? ಚೆನ್ನಾಗಿ ಕಾಣುತ್ತೆ" ಅಂದ್ರು. ಊರಿನ ಟೇಲರ್ ಕಾಕಾಗೆ ಫೋನ್ ಮಾಡಿದೆ. ಅವರಿಗೀಗ ಕಣ್ಣು ಸ್ವಲ್ಪ ಮಂಜು, ಆದರೂ ಹೊಲೀತಾರೆ. ಅಳತೆಗೆ ಯಾವ ರವಿಕೆ ಕಳಿಸಲಿ ಕಾಕಾ, ಮದುವೆಯದ್ದೋ ಈಗಿನದ್ದೋ, ಈಗಿನದ್ದೂ ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ಆಗ್ತದಲ್ಲ, ಅಂತ ಕೇಳಿದೆ. "ಗಂಟಿನ ಕುಬಸಕ್ಕ ಎದಿ ಅಳತಿ ಅಷ್ಟ ಬಿಗಿ ಬೇಕಾಗಂಗಿಲ್ಲವಾ," ಅಂದ್ರು. "ತೋಳಿಂದು, ಬೆನ್ನಿಂದು ಹೇಳ, ಸಾಕು." ಎರಡನ್ನೂ ಅಳೆದು ಮೆಸೇಜ್ ಮಾಡಿದ್ದೀನಿ, ಖಣ ಕೊರಿಯರಿಗೆ ಹೋಗಿದೆ. ದಸರೆಯೊಳಗೆ ಬಂದ್ರೆ ಆಯುಧಪೂಜೆಗೆ ಹಾಕ್ಕೊಂಡು ಹೋಗ್ತೀನಿ, ಅಷ್ಟರಲ್ಲಿ ಇವಳು ಹಾಲು ಬಿಡದಿದ್ರೆ.